ಹದಿಹರೆಯದ ಕ್ರಿಶ್ಚಿಯನ್ ರಾಕ್: ಮತ್ತೆ ಕೇಳುವಾಗ ಕಿವಿ ಹುಡುಕುವುದೇನು?

ತೊಂಬತ್ತರ ದಶಕದ ಒಂದು ಅಮೆರಿಕನ್ ಕ್ರಿಶ್ಚಿಯನ್ ರಾಕ್ ಕ್ಯಾಸೆಟ್ ತೆಗೆದುಕೊಳ್ಳಿ, ಅಂದರೆ ರಾಕ್ ಸಂಗೀತಕ್ಕೆ ಯೇಸುವಿನ ನಂಬಿಕೆಯ ಸಾಹಿತ್ಯ ಕೂಡಿಸಿದ ಹಾಡುಗಳದ್ದು. ಡಬ್ಬಿಯೊಳಗಿನ ಕಾಗದ ಬಿಡಿಸಿದರೆ ಐದಾರು ಮಡಿಕೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಹಾಡಿನ ಸಾಹಿತ್ಯ, ಹಲವು ಕ್ಯಾಸೆಟ್ಟುಗಳಲ್ಲಿ ಪ್ರತಿ ಹಾಡಿನ ಬುಡದಲ್ಲಿ ಬೈಬಲಿನ ಅಧ್ಯಾಯ ಮತ್ತು ವಚನದ ಸಂಖ್ಯೆ, ಕೊನೆಗೆ ಉದ್ದನೆಯ ಕೃತಜ್ಞತೆಯ ಪಟ್ಟಿ. ಮಡಿಕೆಯ ಗೆರೆಗಳು ಬೆಳ್ಳಗಾಗಿ ಹರಿಯುವ ಹಂತಕ್ಕೆ ಬಂದಿದ್ದರೆ ಅದನ್ನು ಎಷ್ಟು ಸಲ ಬಿಡಿಸಿ ಓದಿರಬಹುದೆಂದು ಊಹಿಸಬಹುದು. ಅಂದು ಹದಿನೈದು ವರ್ಷವಾಗಿದ್ದ ಆ ಓದುಗರಿಗೆ ಇಂದು ನಲವತ್ತೈದರ ಆಸುಪಾಸು. ಅದೇ ಹಾಡನ್ನು ಈಗ ಫೋನಿನಲ್ಲಿ ಹಾಕಿದಾಗ ಎರಡು ಸಂಗತಿ ಒಟ್ಟಿಗೇ ನಡೆಯುತ್ತವೆ. ಗಂಟಲು ಉಬ್ಬಿ ಬರುತ್ತದೆ, ಜತೆಗೇ ‘ಇದು ಆ ಹಾಡಲ್ಲ’ ಎಂದು ಕಿವಿ ತಕರಾರು ತೆಗೆಯುತ್ತದೆ. ಮೊದಲನೆಯದಕ್ಕೆ ಮನಸ್ಸಿನಲ್ಲಿ ಕಾರಣವಿದೆ. ಎರಡನೆಯದಕ್ಕೆ ಹೆಚ್ಚಿನ ಸಲ ಯಂತ್ರದಲ್ಲಿ ಕಾರಣವಿದೆ, ಅದನ್ನು ಸರಿಪಡಿಸಲೂ ಬರುತ್ತದೆ.

ಮೊದಲು ಮನಸ್ಸಿನ ಮಾತು. ‘ನಾಸ್ಟಾಲ್ಜಿಯಾ’ ಎಂಬ ಪದ ಹುಟ್ಟಿದ್ದು 1688ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಯೊಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಊರು ಬಿಟ್ಟವರ ಕೊರಗನ್ನು ಕಾಯಿಲೆಯೆಂದೇ ಬಗೆದು, ಮನೆಗೆ ಮರಳುವುದು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಮಾತುಗಳನ್ನು ಸೇರಿಸಿ ಅದಕ್ಕೆ ಹೆಸರಿಟ್ಟ. (ಇದೇ ಊರಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ನಮಗೆ ಬಾಸೆಲ್ ಎಂದರೆ ಹೆಂಚು ಮತ್ತು ನಿಘಂಟು ನೆನಪಾಗುತ್ತವೆ.) ಕನ್ನಡದಲ್ಲಿ ‘ಹಳಹಳಿಕೆ’ ಇದಕ್ಕೆ ಹತ್ತಿರದ ಮಾತು. ಈಗ ಯಾರೂ ಇದನ್ನು ಕಾಯಿಲೆ ಎನ್ನುವುದಿಲ್ಲ. ನಡುವಯಸ್ಸು ದಾಟಿದವರಿಗೆ ಬದುಕಿನ ನೆನಪು ಹೇಳಿ ಎಂದರೆ ಸುಮಾರು ಹತ್ತರಿಂದ ಮೂವತ್ತು ವಯಸ್ಸಿನೊಳಗಿನ ಘಟನೆಗಳೇ ದಂಡಿಯಾಗಿ ಬರುತ್ತವೆ. ನೆನಪಿನ ನಕ್ಷೆಯಲ್ಲಿ ಅಲ್ಲೊಂದು ದಿಬ್ಬ ಇರುತ್ತದೆ. ಮೊದಲ ಗೆಳೆತನ, ಮೊದಲ ಸೋಲು, ನಾನು ಯಾರು ಎಂಬ ಮೊದಲ ತೀರ್ಮಾನ ಎಲ್ಲವೂ ಆ ದಿಬ್ಬದ ಮೇಲೇ ಆಗುವುದರಿಂದ ಅವಕ್ಕೆ ಅಂಟಿದ ಹಾಡುಗಳೂ ಅಲ್ಲೇ ಉಳಿಯುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಪೀಟರ್ ಜನಾಟಾ 2009ರಲ್ಲಿ ಮೆದುಳಿನ ಸ್ಕ್ಯಾನ್ ಮಾಡಿ ತೋರಿಸಿದ ಸಂಗತಿ ಇನ್ನೂ ಹತ್ತಿರದ್ದು. ನೆನಪನ್ನು ಹೊತ್ತ ಹಾಡು ಕೇಳಿದಾಗ ಹಣೆಯ ಹಿಂಭಾಗದ ನಡುಭಾಗ ಚುರುಕಾಗುತ್ತದೆ. ತನ್ನ ಬಗ್ಗೆ ತಾನು ಯೋಚಿಸುವಾಗ ಕೆಲಸ ಮಾಡುವ ಜಾಗವೂ ಅದೇ.

ಇದು ಎಲ್ಲ ಹಾಡಿಗೂ ಅನ್ವಯಿಸುವ ಮಾತಾಯಿತು. ಕ್ರಿಶ್ಚಿಯನ್ ರಾಕ್‌ನ ಹಳಹಳಿಕೆ ಇದಕ್ಕಿಂತ ಒಂದು ಕೈ ಹೆಚ್ಚು. ಏಕೆಂದು ತಿಳಿಯಲು ಆ ಸಂಗೀತ ಮನೆಯೊಳಗೆ ಹೇಗೆ ಬಂತೆಂದು ನೋಡಬೇಕು.

ಕ್ಯಾಲಿಫೋರ್ನಿಯಾದ ಉದ್ದ ಕೂದಲಿನ ಹುಡುಗರು ಅರವತ್ತರ ದಶಕದ ಕೊನೆಯಲ್ಲಿ ಯೇಸುವಿನ ಕಡೆ ತಿರುಗಿದಾಗ ಗಿಟಾರನ್ನು ಕೆಳಗಿಡಲಿಲ್ಲ. 1969ರಲ್ಲಿ ಲ್ಯಾರಿ ನಾರ್ಮನ್ ಕ್ಯಾಪಿಟಲ್ ಕಂಪನಿಯಿಂದ ತಂದ ಆಲ್ಬಮ್ಮನ್ನು ಮೊದಲ ಕ್ರಿಶ್ಚಿಯನ್ ರಾಕ್ ಆಲ್ಬಮ್ ಎಂದು ಹಲವರು ಎಣಿಸುತ್ತಾರೆ. 1972ರ ಜೂನ್‌ನಲ್ಲಿ ಡಲ್ಲಾಸ್‌ನ ‘ಎಕ್ಸ್‌ಪ್ಲೊ’ ಸಮಾವೇಶಕ್ಕೆ ಸುಮಾರು 80,000 ಮಂದಿ ಸೇರಿದರು. ಅದೇ ವರ್ಷ ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಬಾಬ್ ಹಾರ್ಟ್‌ಮನ್ ‘ಪೆಟ್ರಾ’ ತಂಡ ಕಟ್ಟಿದರು. ಎಂಬತ್ತರ ದಶಕದಲ್ಲಿ ಹಳದಿ–ಕಪ್ಪು ಪಟ್ಟೆಯ ಉಡುಪು ತೊಟ್ಟ ‘ಸ್ಟ್ರೈಪರ್’ ವೇದಿಕೆಯಿಂದ ಜನರತ್ತ ಹೊಸ ಒಡಂಬಡಿಕೆಯ ಪ್ರತಿಗಳನ್ನು ಎಸೆಯುತ್ತಿತ್ತು. ಇಂಗ್ಲಿಷ್ ಬೈಬಲಿನ ಯೆಶಾಯ 53:5ರಲ್ಲಿ ಬಾಸುಂಡೆಗೂ ಪಟ್ಟೆಗೂ ಒಂದೇ ಪದ. ಆ ತಂಡದ ಹೆಸರು, ಉಡುಪು ಎರಡರ ಮೂಲವೂ ಅಲ್ಲಿದೆ. ತೊಂಬತ್ತರಲ್ಲಿ ಈ ಹೊಳೆ ತುಂಬಿ ಹರಿಯಿತು. ವರ್ಜೀನಿಯಾದ ಲಿಬರ್ಟಿ ವಿಶ್ವವಿದ್ಯಾಲಯದಲ್ಲಿ ಕೂಡಿದ ಮೂವರ ‘ಡಿಸಿ ಟಾಕ್’, ಆಸ್ಟ್ರೇಲಿಯಾದಿಂದ ಬಂದ ‘ನ್ಯೂಸ್‌ಬಾಯ್ಸ್’, ಇಲಿನಾಯ್‌ನ ಗ್ರೀನ್‌ವಿಲ್ ಕಾಲೇಜಿನ ‘ಜಾರ್ಸ್ ಆಫ್ ಕ್ಲೇ’. 1993ರಲ್ಲಿ ಶುರುವಾದ ‘ಟೂತ್ ಅಂಡ್ ನೇಲ್’ ಎಂಬ ಸಣ್ಣ ಕಂಪನಿ ಪಂಕ್ ಮತ್ತು ಹಾರ್ಡ್‌ಕೋರ್ ಎಂಬ ಒರಟು ರಾಕ್ ಬಯಸುವವರ ಪಾಲಿಗೆ ಬಾಗಿಲಾಯಿತು.

ಇವು ಮಾರಾಟವಾಗುತ್ತಿದ್ದುದು ಹೆಚ್ಚಾಗಿ ಕ್ರಿಶ್ಚಿಯನ್ ಪುಸ್ತಕದಂಗಡಿಗಳಲ್ಲಿ. ಬೈಬಲ್, ಗೋಡೆಗೆ ತೂಗುಹಾಕುವ ವಚನ, ಭಾನುವಾರದ ಶಾಲೆಯ ಸಾಮಗ್ರಿ ಇವುಗಳ ಹಿಂದಿನ ಗೋಡೆಗೆ ಕ್ಯಾಸೆಟ್ ಕಪಾಟು. ಅಲ್ಲೊಂದು ಪಟ್ಟಿ ಅಂಟಿಸಿರುತ್ತಿದ್ದರು: ಎಡಗಡೆ ಹೊರಗಿನ ಪ್ರಸಿದ್ಧ ರಾಕ್ ತಂಡದ ಹೆಸರು, ಬಲಗಡೆ ಅದೇ ಸದ್ದಿನ ಕ್ರಿಶ್ಚಿಯನ್ ತಂಡದ ಹೆಸರು. ಅದು ನಿಮಗೆ ಇಷ್ಟವಾದರೆ ಇದನ್ನು ಕೇಳಿ ಎಂಬ ಸಲಹೆ. 1995ರವರೆಗೆ ಈ ಅಂಗಡಿಗಳ ಮಾರಾಟ ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಬಿಲ್‌ಬೋರ್ಡ್ ಪಟ್ಟಿಗೆ ಲೆಕ್ಕವೇ ಆಗುತ್ತಿರಲಿಲ್ಲ. ಲೆಕ್ಕ ಶುರುವಾದ ವರ್ಷವೇ, ನವೆಂಬರ್‌ನಲ್ಲಿ ಬಿಡುಗಡೆಯಾದ ಡಿಸಿ ಟಾಕ್‌ನ ‘ಜೀಸಸ್ ಫ್ರೀಕ್’ 16ನೇ ಸ್ಥಾನದಲ್ಲಿ ನೇರ ಬಂದು ಕುಳಿತಿತು. ಅಷ್ಟು ಜನ ಅದುವರೆಗೆ ಎಲ್ಲಿದ್ದರೆಂದು ಹೊರಗಿನವರು ಕೇಳಿದರು. ಅವರು ಆ ಅಂಗಡಿಗಳಲ್ಲೇ ಇದ್ದರು, ಯಾರೂ ಎಣಿಸಿರಲಿಲ್ಲ.

ಬೈಬಲಿಗೆ ಕಟ್ಟುನಿಟ್ಟಾಗಿ ನಿಷ್ಠರಾದ ಇವಾಂಜೆಲಿಕಲ್ ಪಂಥದ ಹಲವು ಮನೆಗಳಲ್ಲಿ ಹೊರಗಿನ ರಾಕ್‌ಗೆ ಪ್ರವೇಶವಿರಲಿಲ್ಲ. ಚರ್ಚಿನ ಯೂತ್ ಗ್ರೂಪಿನಲ್ಲಿ ಕೆಲವೆಡೆ ಹುಡುಗರು ತಮ್ಮ ‘ಲೋಕದ’ ಕ್ಯಾಸೆಟ್ಟುಗಳನ್ನು ತಂದು ಮುರಿದು ಹಾಕುತ್ತಿದ್ದರು. ಹಾಗೆ ಖಾಲಿಯಾದ ಜಾಗದಲ್ಲಿ ಕುಳಿತಿದ್ದು ಈ ಸಂಗೀತ. ಇನ್ನೊಂದು ಕಡೆ, ಡ್ರಮ್ಮಿನ ತಾಳವೇ ಪಾಪ ಎಂದು ಇದನ್ನೂ ವಿರೋಧಿಸಿದ ಬೋಧಕರು ಕಡಿಮೆಯಿರಲಿಲ್ಲ. ಹಾಗಾಗಿ ಹದಿನೈದರ ಹುಡುಗಿಯೊಬ್ಬಳು ಕೋಣೆಯ ಬಾಗಿಲು ಹಾಕಿಕೊಂಡು ಪೆಟ್ರಾ ಜೋರಾಗಿ ಹಾಕಿದಾಗ ಅದು ಬಂಡಾಯವೂ ಹೌದು, ವಿಧೇಯತೆಯೂ ಹೌದು. ಅಮ್ಮ ಬಾಗಿಲು ಬಡಿದು ಸದ್ದು ಕಡಿಮೆ ಮಾಡೆನ್ನಬಹುದಿತ್ತು, ಹಾಡು ನಿಲ್ಲಿಸೆನ್ನುವಂತಿರಲಿಲ್ಲ. ಈ ಎರಡೂ ಒಂದೇ ಹಾಡಿನಲ್ಲಿ ಸಿಕ್ಕ ತಲೆಮಾರು ಬಹಳವಿಲ್ಲ. ದೇವರ ಮನೆಗೆ ಕಾಲಿಡದೆ ವರ್ಷಗಳಾದವರೂ ಅಜ್ಜಿ ಹಾಡುತ್ತಿದ್ದ ದಾಸರ ಪದ ಕಿವಿಗೆ ಬಿದ್ದರೆ ನಿಂತುಬಿಡುತ್ತಾರೆ. ಅದು ಹಿರಿಯರಿಂದ ಬಂದ ಆಸ್ತಿ. ಕ್ರಿಶ್ಚಿಯನ್ ರಾಕ್ ಹಾಗಲ್ಲ, ಅದು ಮಕ್ಕಳು ತಾವೇ ಆರಿಸಿಕೊಂಡ ಭಕ್ತಿ. ಆದ್ದರಿಂದ ಅದರ ಎಳೆತಕ್ಕೆ ಸ್ವಂತದ್ದೆಂಬ ಬಿಸಿ ಹೆಚ್ಚು.

ಈ ನೆನಪು ಮೂರು ಎಳೆಯ ಹುರಿ. ಒಂದು ಸದ್ದು. ಇನ್ನೊಂದು ಜಾಗ ಮತ್ತು ಜನ: ಯೂತ್ ಗ್ರೂಪಿನ ವ್ಯಾನು, ಬೇಸಿಗೆಯ ಶಿಬಿರ, ಇಲಿನಾಯ್‌ನ ಬುಶ್‌ನೆಲ್ ಬಯಲಿನ ಕಾರ್ನರ್‌ಸ್ಟೋನ್ ಎಂಬ ಕ್ರಿಶ್ಚಿಯನ್ ಸಂಗೀತೋತ್ಸವದ ಧೂಳು. ಮೂರನೆಯದು ನಂಬಿಕೆ. ಸಾಮಾನ್ಯ ಪ್ರೇಮಗೀತೆಯ ‘ನಾನು’ ಹಾಡುಗಾರನೇ ಆಗಿ ಉಳಿಯುತ್ತಾನೆ. ಇಲ್ಲಿ ‘ನಾನು’ ಎಂದು ಹಾಡಿದ ಹುಡುಗ ಅದನ್ನು ತನ್ನ ಪ್ರತಿಜ್ಞೆಯಾಗಿ ಹಾಡಿದ. ಮೂವತ್ತು ವರ್ಷದಲ್ಲಿ ಈ ಎಳೆಗಳು ಬೇರೆ ಬೇರೆಯಾಗಿರುತ್ತವೆ. ಸದ್ದು ಫೋನಿನಲ್ಲಿ ಸಿಗುತ್ತದೆ. ಜಾಗ ಹೋಗಿದೆ: 1984ರಲ್ಲಿ ಶುರುವಾದ ಕಾರ್ನರ್‌ಸ್ಟೋನ್ 2012ಕ್ಕೆ ನಿಂತಿತು, ಸುಮಾರು 240 ಮಳಿಗೆಗಳ ‘ಫ್ಯಾಮಿಲಿ ಕ್ರಿಶ್ಚಿಯನ್’ ಅಂಗಡಿಗಳು 2017ರಲ್ಲಿ, ‘ಲೈಫ್‌ವೇ’ಯ 170 ಮಳಿಗೆಗಳು 2019ರಲ್ಲಿ ಮುಚ್ಚಿದವು. ನಂಬಿಕೆ ಕೆಲವರಲ್ಲಿ ಗಟ್ಟಿಯಾಗಿದೆ, ಕೆಲವರಲ್ಲಿ ರೂಪ ಬದಲಿಸಿದೆ, ಕೆಲವರಲ್ಲಿ ಇಲ್ಲ. ಚರ್ಚು ಬಿಟ್ಟವರು ಇಂಥ ಹಾಡು ಕೇಳಿ ಅತ್ತರೆ ತಮ್ಮನ್ನೇ ಸಂಶಯಿಸಬೇಕಿಲ್ಲ. ಒಂದು ಎಳೆ ಕಡಿದರೂ ಉಳಿದೆರಡು ಎಳೆ ಭಾರ ಹೊರುತ್ತವೆ. ಚರ್ಚಿನಲ್ಲೇ ಇರುವವರಿಗೂ ನಷ್ಟ ತಪ್ಪಿದ್ದಲ್ಲ. 2000ದ ಆಚೀಚೆ ಭಾನುವಾರದ ಆರಾಧನೆಯ ಹಾಡುಗಳೇ ಈ ಮಾರುಕಟ್ಟೆಯ ಮುಖ್ಯ ಸರಕಾದವು, ಹಳೆಯ ರಾಕ್ ಬದಿಗೆ ಸರಿಯಿತು. ಮುಂದುವರಿಕೆ ಇಲ್ಲದ ಸದ್ದಿಗೆ ಕಾಲದ ಮುದ್ರೆ ಆಳವಾಗಿ ಬೀಳುತ್ತದೆ.

ಸರಿ, ‘ಇದು ಆ ಹಾಡಲ್ಲ’ ಎಂಬ ತಕರಾರಿಗೆ ಬರೋಣ.

ಕಿವಿಯ ನೆನಪು ನಾವು ಅಂದುಕೊಂಡದ್ದಕ್ಕಿಂತ ನಿಖರ. ಮನೋವಿಜ್ಞಾನಿ ಡೇನಿಯಲ್ ಲೆವಿಟಿನ್ 1994ರಲ್ಲಿ ಸಂಗೀತ ಕಲಿಯದವರಿಂದಲೂ ಪರಿಚಿತ ಹಾಡು ಹಾಡಿಸಿದಾಗ ಅನೇಕರು ಮೂಲದ ಶ್ರುತಿಯಲ್ಲೋ ಅದರ ಪಕ್ಕದಲ್ಲೋ ಹಾಡಿದರು. ಈಗ ಲೆಕ್ಕ ನೋಡಿ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಹಳೆಯ ಪ್ಲೇಯರ್ 3% ಜೋರಾಗಿ ಓಡಿದರೆ ಹಾಡು ಅರ್ಧ ಸೆಮಿಟೋನ್ (ಪಿಯಾನೊದ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ಅರ್ಧ) ಮೇಲೇರುತ್ತದೆ. ಹದಿಹರೆಯದಲ್ಲಿ ನಿಮ್ಮ ಪ್ಲೇಯರ್ ಹಾಗೆ ಓಡುತ್ತಿದ್ದರೆ, ಸಾವಿರ ಸಲ ಕೇಳಿದ್ದು ಆ ಶ್ರುತಿಯನ್ನೇ. ಇಂದು ಸ್ಟ್ರೀಮಿಂಗ್‌ನಲ್ಲಿ ಸಿಗುವ ಸರಿಯಾದ ಶ್ರುತಿ ಕಿವಿಗೆ ಕುಗ್ಗಿದಂತೆ, ಸುಸ್ತಾದಂತೆ ಕೇಳುತ್ತದೆ.

ಎರಡನೆಯ ಕಾರಣ ಡಾಲ್ಬಿ. ಆಗಿನ ಬಹಳಷ್ಟು ಕ್ಯಾಸೆಟ್ಟುಗಳನ್ನು ಡಾಲ್ಬಿ ಬಿ ಹಾಕಿ ಮುದ್ರಿಸಿರುತ್ತಿದ್ದರು. ಮುದ್ರಿಸುವಾಗ ಸಣ್ಣ ಸದ್ದಿನ ಮೇಲಿನ ಸ್ವರಗಳನ್ನು ಎತ್ತಿ, ನುಡಿಸುವಾಗ ಅಷ್ಟೇ ಇಳಿಸಿ, ಅದರ ಜತೆ ಟೇಪಿನ ‘ಹಿಸ್ಸ್’ ಅನ್ನೂ ತಗ್ಗಿಸುವ ವಿಧಾನ ಅದು. ಅಗ್ಗದ ವಾಕ್‌ಮನ್‌ಗಳಲ್ಲಿ ಇಳಿಸುವ ಸರ್ಕ್ಯೂಟ್ ಇರುತ್ತಿರಲಿಲ್ಲ. ಹಾಗಾಗಿ ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಚುಚ್ಚುವಂತೆ, ದನಿ ಗರಿಗರಿಯಾಗಿ ಕೇಳುತ್ತಿತ್ತು, ಮತ್ತು ನೆನಪಿನಲ್ಲಿ ಉಳಿದದ್ದು ಅದೇ. ಡಾಲ್ಬಿ ಎಚ್‌ಎಕ್ಸ್ ಪ್ರೋ ಎಂದು ಮಾತ್ರ ಬರೆದಿದ್ದರೆ ಅದು ಬೇರೆ. ಅದು ಮುದ್ರಣ ಸಮಯದ ಸುಧಾರಣೆ, ನುಡಿಸುವಾಗ ಏನೂ ಮಾಡಬೇಕಿಲ್ಲ. ಮೂರನೆಯದು ಮರುಮಾಸ್ಟರಿಂಗ್, ಅಂದರೆ ಹಳೆಯ ಮುದ್ರಣದ ಸದ್ದನ್ನು ಮತ್ತೆ ಹದಗೊಳಿಸುವುದು. ಹೊಸ ಆವೃತ್ತಿಗಳಲ್ಲಿ ಮೆಲು ಭಾಗವನ್ನೂ ಎತ್ತಿ ಎಲ್ಲವನ್ನೂ ಒಂದೇ ಮಟ್ಟದ ಜೋರಿಗೆ ತಂದಿರುವುದು ಸಾಮಾನ್ಯ. ಪಲ್ಲವಿ ಬಂದಾಗ ಎದೆ ಹಾರುತ್ತಿದ್ದುದು ಅದರ ಹಿಂದಿನ ಮೌನದಿಂದ. ಮೌನ ಹೋದರೆ ಹಾರುವುದೂ ಹೋಗುತ್ತದೆ.

ನಾಲ್ಕನೆಯದು ಹಾಡುಗಳ ಅನುಕ್ರಮ. ಪರಿಚಿತ ಹಾಡಿನ ನಡುವೆ ಸದ್ದು ಕತ್ತರಿಸಿದರೂ ಮೆದುಳಿನ ಶ್ರವಣಭಾಗ ತಾನೇ ಹಾಡು ಮುಂದುವರಿಸುತ್ತದೆಂದು ಡಾರ್ಟ್‌ಮತ್ ಕಾಲೇಜಿನ ಸಂಶೋಧಕರು 2005ರಲ್ಲಿ ತೋರಿಸಿದರು. ಆಲ್ಬಮ್ಮಿನಲ್ಲಿ ಎರಡು ಹಾಡುಗಳ ನಡುವಿನ ಎರಡು ಸೆಕೆಂಡಿನಲ್ಲಿ ಮುಂದಿನ ಹಾಡಿನ ಮೊದಲ ಸ್ವರ ನಿಮ್ಮೊಳಗೆ ಆಗಲೇ ಎದ್ದಿರುತ್ತದೆ. ಕಲಸಿ ನುಡಿಸುವ ಪ್ಲೇಲಿಸ್ಟ್‌ನಲ್ಲಿ ಅಲ್ಲಿಗೆ ಬೇರೇನೋ ಬರುತ್ತದೆ. ಆದ್ದರಿಂದ ಷಫಲ್ ನಿಲ್ಲಿಸಿ, ಕ್ಯಾಸೆಟ್ಟಿನ ‘ಎ’ ಬದಿ ಮುಗಿದಲ್ಲಿ ಒಂದು ನಿಮಿಷ ಬಿಟ್ಟು, ಪೂರ್ತಿ ಕೇಳಿ. ದಿನಾ ಕೇಳಬೇಡಿ. ಅಡುಗೆ, ಟ್ರಾಫಿಕ್, ಜಿಮ್ ಎಲ್ಲಕ್ಕೂ ಅದೇ ಹಾಡು ಹಾಕಿದರೆ ಹೊಸ ನೆನಪುಗಳು ಅದಕ್ಕೇ ಅಂಟಿಕೊಂಡು ಹಳೆಯದು ಅಡಿಗೆ ಸೇರುತ್ತದೆ.

ನೀವು ಅಂದು ಕೇಳಿದ ಪ್ರತಿ ಕೈಯಲ್ಲೇ ಇದ್ದರೆ ಅದನ್ನು ಉಳಿಸಿಕೊಳ್ಳುವುದೇ ಒಳ್ಳೆಯ ದಾರಿ. ಎಷ್ಟೋ ಸಣ್ಣ ತಂಡಗಳ ಆಲ್ಬಮ್ಮುಗಳು ಸ್ಟ್ರೀಮಿಂಗ್‌ಗೆ ಬಂದೇ ಇಲ್ಲ. ಕಂಪನಿಗಳು ಕೈ ಬದಲಿಸುತ್ತ ಹಕ್ಕು ಯಾರದೆಂಬುದೇ ಮಸುಕಾಗಿದೆ.

ಕ್ಯಾಸೆಟ್ಟನ್ನು ತಕ್ಷಣ ಪ್ಲೇಯರಿಗೆ ತುರುಕಬೇಡಿ. ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡಿ. ಬಿಳಿ ಪುಡಿಯೋ ಹತ್ತಿಯಂಥದೋ ಕಂಡರೆ ಬೂಷ್ಟು. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟುಗಳಲ್ಲಿ ಇದು ತೀರಾ ಸಾಮಾನ್ಯ. ಅದನ್ನು ಹಾಗೇ ನುಡಿಸಿದರೆ ಬೂಷ್ಟು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಹತ್ತಿ, ಅಲ್ಲಿಂದ ಮುಂದಿನ ಎಲ್ಲ ಕ್ಯಾಸೆಟ್ಟಿಗೂ ಹರಡುತ್ತದೆ. ಬಿಸಿಲಿಗಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇಟ್ಟು ಒಣಗಿಸಿ. ಆಮೇಲೆ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆದು ಕುಂಚದಿಂದ ಅಂಚು ಒರೆಸಿ.

ಮುಂದೆ ಟೇಪು ಹೊರಗೆ ಕಾಣುವ ಕಡೆ ನಡುವಿನ ತಾಮ್ರಬಣ್ಣದ ಸ್ಪ್ರಿಂಗ್ ನೋಡಿ. ಅದರ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಫೆಲ್ಟ್ ತುಂಡು ಇರಬೇಕು. ಟೇಪನ್ನು ಹೆಡ್ಡಿಗೆ ಒತ್ತುವುದು ಅದೇ. ಮೂವತ್ತು ವರ್ಷದಲ್ಲಿ ಅಂಟು ಒಣಗಿ ಆ ತುಂಡು ಉದುರಿರುತ್ತದೆ. ಆಗ ದನಿ ಹಳ್ಳದಿಂದ ಬಂದಂತೆ ಮಂಕಾಗಿ, ಅಲೆ ಅಲೆಯಾಗಿ ಕೇಳುತ್ತದೆ. ಜನ ಟೇಪೇ ಹಾಳಾಯಿತೆಂದು ಎಸೆದುಬಿಡುತ್ತಾರೆ, ಅನ್ಯಾಯವಾಗಿ. ಐದು ಸ್ಕ್ರೂ ಇರುವ ಖಾಲಿ ಕ್ಯಾಸೆಟ್ ಒಂದನ್ನು ಬಿಚ್ಚಿ ಅದರ ಸ್ಪ್ರಿಂಗ್ ಸಮೇತ ಫೆಲ್ಟ್ ತೆಗೆದು ಇದಕ್ಕೆ ಹಾಕಿ. ಹಳೆಯ ಕವಚ ಸ್ಕ್ರೂ ಇಲ್ಲದೆ ಬೆಸೆದದ್ದಾದರೆ ಅಂಚಿನ ಸೀಳಿನಲ್ಲಿ ತೆಳು ಬ್ಲೇಡ್ ಇಟ್ಟು ನಿಧಾನಕ್ಕೆ ಬಿಡಿಸಿ, ಎರಡೂ ಸುರುಳಿಗಳನ್ನು ಹೊಸ ಕವಚಕ್ಕೆ ವರ್ಗಾಯಿಸಬೇಕು. ಬಿಚ್ಚುವ ಮುಂಚೆ ಟೇಪು ಹೋಗುವ ದಾರಿಯ ಫೋಟೊ ತೆಗೆದಿಡಿ. ತುದಿ ತುಂಡಾಗಿದ್ದರೆ ಕ್ಯಾಸೆಟ್ ಅಗಲದ ಸ್ಪ್ಲೈಸಿಂಗ್ ಟೇಪಿನಿಂದ, ಹೆಡ್ಡಿಗೆ ತಾಗದ ಹಿಂಬದಿಗೆ ಜೋಡಿಸಿ. ಸಾಮಾನ್ಯ ಸೆಲೋಟೇಪಿನ ಗೋಂದು ಕರಗಿ ಪಕ್ಕದ ಸುತ್ತಿಗೂ ಹೆಡ್ಡಿಗೂ ಅಂಟುತ್ತದೆ.

ಪ್ಲೇಯರಿನ ಹೆಡ್ ಮತ್ತು ಟೇಪನ್ನು ಓಡಿಸುವ ಕ್ಯಾಪ್‌ಸ್ಟನ್ ಕಂಬಿಯನ್ನು 99% ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ. ಟೇಪನ್ನು ಆ ಕಂಬಿಗೆ ಒತ್ತುವ ರಬ್ಬರಿನ ಪಿಂಚ್ ರೋಲರಿಗೆ ಸೋಪಿನ ನೀರು ಸಾಕು, ಆಲ್ಕೋಹಾಲ್ ರಬ್ಬರನ್ನು ಒಣಗಿಸುತ್ತದೆ. ಹತ್ತು ನಿಮಿಷ ಒಣಗಲಿ. ಕ್ಯಾಸೆಟ್ಟನ್ನು ಒಮ್ಮೆ ಕೊನೆಯವರೆಗೆ ಮುಂದಕ್ಕೆ, ಮತ್ತೆ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಬಿಗಿದು ಕುಳಿತ ಸುತ್ತು ಸಡಿಲವಾಗದಿದ್ದರೆ ಓಟ ತಡವರಿಸುತ್ತದೆ. ಸುರುಳಿ ಎಳೆದುಕೊಳ್ಳುವ ಕಡೆಯ ಶಕ್ತಿ ಕಡಿಮೆಯಾದಾಗಲೇ ಪ್ಲೇಯರ್ ಟೇಪು ‘ತಿನ್ನುವುದು’. ಕ್ಯಾಪ್‌ಸ್ಟನ್ ತಳ್ಳುತ್ತಲೇ ಇರುತ್ತದೆ, ಮುಂದೆ ಸುತ್ತಿಕೊಳ್ಳುವವರಿಲ್ಲ. ಹಾಗಾದರೆ ಎಳೆಯಬೇಡಿ. ಸ್ವಿಚ್ ಆರಿಸಿ, ಮುಚ್ಚಳ ತೆಗೆದು, ಟೇಪನ್ನು ಬೆರಳಿನಿಂದ ಬಿಡಿಸಿ, ಆರುಮೂಲೆಯ ಪೆನ್ಸಿಲ್ ಹಾಕಿ ತಿರುಗಿಸಿ. ಆ ಪೆನ್ಸಿಲ್ ಆ ತೂತಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ.

ಕಂಪ್ಯೂಟರಿಗೆ ಮುದ್ರಿಸಿಕೊಳ್ಳಲು ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪೆಟ್ಟಿಗೆಗಳು ಬೇಡ. ಅವುಗಳ ಮೋಟಾರು ಅಲುಗುತ್ತದೆ, ಡಾಲ್ಬಿ ಇರುವುದಿಲ್ಲ. ದುರಸ್ತಿ ಮಾಡಿ ಬೆಲ್ಟ್ ಬದಲಿಸಿದ ಹಳೆಯ ಡೆಕ್ಕಿನ (ಮನೆಯಲ್ಲಿಡುವ ಕ್ಯಾಸೆಟ್ ಯಂತ್ರ) ಲೈನ್ ಔಟ್‌ನಿಂದ, ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೊ ಇಂಟರ್‌ಫೇಸ್‌ಗೆ ತಂತಿ ಕೊಡಿ. 24 ಬಿಟ್, 48 ಕಿಲೋಹರ್ಟ್ಜ್ ಸಾಕು. ಅತಿ ಜೋರಿನ ಭಾಗ -6 ಡೆಸಿಬೆಲ್ ದಾಟದಂತೆ ಮಟ್ಟ ಇಡಿ. ನಿಮಿಷಕ್ಕೆ ಸುಮಾರು 17 ಎಂಬಿ, 45 ನಿಮಿಷದ ಆಲ್ಬಮ್ಮಿಗೆ 780 ಎಂಬಿ ಜಾಗ ಬೇಕು. ಫ್ಲ್ಯಾಕ್ ಎಂಬ ಕಡತರೂಪಕ್ಕೆ ಬದಲಿಸಿದರೆ ಗುಣ ಕಳೆಯದೆ ಇದಕ್ಕಿಂತ ಸಾಕಷ್ಟು ಚಿಕ್ಕದಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ, ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಅಜಿಮತ್. ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ ಲಂಬವಾಗಿರಬೇಕು. ಒಂದೊಂದು ಚಾನೆಲ್ಲಿನ ಪಟ್ಟಿ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಅಗಲ ಅಷ್ಟೆ. ಕೂದಲೆಳೆಯಷ್ಟು ವಾಲಿದರೂ ಮೇಲಿನ ಸ್ವರಗಳು ಸಾಯುತ್ತವೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಇದೆ. ಮೊದಲಿನ ಸ್ಥಾನಕ್ಕೆ ಗುರುತು ಹಾಕಿ, ಸದ್ದನ್ನು ಮೋನೊಗೆ (ಎರಡೂ ಚಾನೆಲ್ ಸೇರಿ ಒಂದಾಗುವಂತೆ) ತಂದು, ಡಾಲ್ಬಿ ನಿಲ್ಲಿಸಿ, ಸಿಂಬಲ್ ಇರುವ ಭಾಗ ನುಡಿಸುತ್ತ ಸ್ಕ್ರೂವನ್ನು ಎಳ್ಳಷ್ಟೆಳ್ಳಷ್ಟು ತಿರುಗಿಸಿ. ಕಾಲು ಸುತ್ತು ದಾಟಬೇಡಿ. ಸಿಂಬಲ್ ಒಮ್ಮೆಗೇ ಅರಳುವ ಬಿಂದು ಸಿಗುತ್ತದೆ. ಅಲ್ಲೇ ನಿಲ್ಲಿಸಿ, ಆಮೇಲೆ ಡಾಲ್ಬಿ ಹಾಕಿ.

ವೇಗ ಸರಿಪಡಿಸಲು ಅದೇ ಹಾಡಿನ ಸಿಡಿ ಅವಧಿ ನೋಡಿ. ಸಿಡಿಯಲ್ಲಿ 240 ಸೆಕೆಂಡ್, ನಿಮ್ಮ ಪ್ರತಿಯಲ್ಲಿ 233 ಸೆಕೆಂಡ್ ಬಂದರೆ ಡೆಕ್ 3% ಜೋರಿದೆ. ಅಡಾಸಿಟಿಯಂಥ ತಂತ್ರಾಂಶದಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಆಯ್ಕೆ ಬಳಸಿ 2.9% ಇಳಿಸಿ. ಶ್ರುತಿ ಮಾತ್ರ ಬದಲಿಸುವ ಆಯ್ಕೆ ಬಳಸಿದರೆ ತಾಳ ತಪ್ಪಾಗಿಯೇ ಉಳಿಯುತ್ತದೆ.

ಎರಡು ಪ್ರತಿ ಮಾಡಿಕೊಳ್ಳಿ. ಒಂದು ಡಾಲ್ಬಿ ಹಾಕಿ, ವೇಗ ಸರಿಮಾಡಿದ್ದು. ಇನ್ನೊಂದು ಡಾಲ್ಬಿ ಇಲ್ಲದೆ, ಹಳೆಯ ವಾಕ್‌ಮನ್ ಕೇಳಿಸುತ್ತಿದ್ದ ಹಾಗೆ. ತಂಡ ಏನು ನುಡಿಸಿತೆಂದು ಮೊದಲನೆಯದು ತಿಳಿಸುತ್ತದೆ, ನೀವು ಏನು ಕೇಳಿದಿರೆಂದು ಎರಡನೆಯದು.

ಸಿಡಿಗಳ ವಿಷಯದಲ್ಲಿ ಒಂದೇ ಎಚ್ಚರ. ಆ ಕಾಲದ ತಂಡಗಳಿಗೆ ಗುಪ್ತ ಹಾಡಿನ ಗೀಳಿತ್ತು. ಕೊನೆಯ ಹಾಡಿನ ನಂತರ ಹಲವು ನಿಮಿಷದ ಮೌನ ಬಿಟ್ಟು ಇಟ್ಟದ್ದು ನಕಲು ಮಾಡುವಾಗ ತಾನಾಗಿ ಬರುತ್ತದೆ. ಮೊದಲ ಹಾಡಿಗೂ ಮುಂಚಿನ ಖಾಲಿಯಲ್ಲಿ ಅಡಗಿಸಿದ್ದು ಬರುವುದಿಲ್ಲ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶದಲ್ಲಿ ಆ ಭಾಗವನ್ನು ಬೇರೆಯಾಗಿ ಆರಿಸಬೇಕು.

ಕೊನೆಗೆ ಆ ಮಡಿಕೆಯ ಕಾಗದ. ಹರಿದ ಮಡಿಕೆಗೆ ಸೆಲೋಟೇಪು ಅಂಟಿಸಬೇಡಿ. ಎರಡು ದಿನ ದಪ್ಪ ಪುಸ್ತಕದಡಿ ಇಟ್ಟು ಸಪಾಟು ಮಾಡಿ, 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ತೆಗೆಯಿರಿ. ಅಕ್ಷರ ಕಪ್ಪು–ಬಿಳುಪಾಗಿದ್ದರೂ ಬಣ್ಣದಲ್ಲೇ ತೆಗೆಯಬೇಕು. ಕಪ್ಪು–ಬಿಳುಪಿಗೆ ಹಾಕಿದರೆ ಹದಿನೈದನೇ ವಯಸ್ಸಿನಲ್ಲಿ ಯಾವುದೋ ವಚನದ ಸಂಖ್ಯೆಯ ಕೆಳಗೆ ಪೆನ್ಸಿಲಿನಿಂದ ಎಳೆದ ತೆಳು ಗೆರೆ ಸ್ಕ್ಯಾನಿನಲ್ಲಿ ಮೂಡುವುದೇ ಇಲ್ಲ.